ನಾಲ್ಕರ ಮೇಲೊಂದು: ಐದು ವರ್ಷಕ್ಕೆ ಗಣಕ ವಿಜ್ಞಾನದ ಎರಡು ಪದವಿ

ಬೆಂಗಳೂರು: ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಗಣಕ ವಿಜ್ಞಾನದ ಪದವಿ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗಳ ಮುಂದೆ ಮೂರನೆಯ ವರ್ಷದ ಹೊತ್ತಿಗೆ ಒಂದು ಆಯ್ಕೆ ಬಂದು ನಿಲ್ಲುತ್ತದೆ. ನಾಲ್ಕು ವರ್ಷ ಮುಗಿಸಿ ಕೆಲಸ ಹುಡುಕುವುದೇ, ಅಥವಾ ಅದೇ ವಿಭಾಗದಲ್ಲಿ ಇನ್ನೊಂದು ವರ್ಷ ಉಳಿದು ಸ್ನಾತಕೋತ್ತರ ಪದವಿಯನ್ನೂ ಪಡೆದು ಹೊರಡುವುದೇ? ಪ್ರತ್ಯೇಕವಾಗಿ ಓದಿದರೆ ಸಾಮಾನ್ಯವಾಗಿ ಒಂದೂವರೆ ಅಥವಾ ಎರಡು ವರ್ಷ ಹಿಡಿಯುವ ಪದವಿಯನ್ನು ಒಂದೇ ವರ್ಷದಲ್ಲಿ ಮುಗಿಸಬಹುದೆಂಬ ಸುದ್ದಿಯನ್ನು ಮಗನೋ ಮಗಳೋ ದೂರವಾಣಿಯಲ್ಲಿ ತಿಳಿಸಿದಾಗ, ಜಯನಗರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಇರುವ ಹೆತ್ತವರಿಗೆ ಸಹಜವಾಗಿಯೇ ಎರಡು ಪ್ರಶ್ನೆಗಳು ಏಳುತ್ತವೆ. ಇದು ಖರ್ಚೋ, ಉಳಿತಾಯವೋ ಎಂಬುದು ಮೊದಲನೆಯದು. ವೀಸಾದ ಗತಿ ಏನು ಎಂಬುದು ಎರಡನೆಯದು.

'4+1', 'ಐದನೆಯ ವರ್ಷದ ಸ್ನಾತಕೋತ್ತರ', 'ಸಂಯುಕ್ತ ಬಿಎಸ್‌-ಎಂಎಸ್‌', 'ಕೋಟರ್ಮಿನಲ್‌' ಮುಂತಾಗಿ ಈ ವ್ಯವಸ್ಥೆಗೆ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಹೆಸರು. ಎಲ್ಲ ಹೆಸರುಗಳಿಗೂ ಸಮಾನವಾದ ಅಂಶವೆಂದರೆ, ಈ ಬಾಗಿಲು ತೆರೆಯುವುದು ಆ ವಿಶ್ವವಿದ್ಯಾಲಯದ ಸ್ವಂತ ಪದವಿ ವಿದ್ಯಾರ್ಥಿಗಳಿಗೆ ಮಾತ್ರ. ಕರ್ನಾಟಕದಲ್ಲಿ ಬಿಇ ಮುಗಿಸಿ ಹೊರಗಿನಿಂದ ಅರ್ಜಿ ಹಾಕುವವರಿಗೆ ಇದು ಅನ್ವಯಿಸುವುದಿಲ್ಲ. ಅವರು ಎಂದಿನಂತೆ ಎರಡು ವರ್ಷದ ಅಥವಾ ಒಂದೂವರೆ ವರ್ಷದ ಸಾಮಾನ್ಯ ಎಂಎಸ್‌ಗೇ ಅರ್ಜಿ ಸಲ್ಲಿಸಬೇಕು. ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕಾದುದಕ್ಕೆ ಕಾರಣವಿದೆ. ವಿದೇಶ ವ್ಯಾಸಂಗದ ಸಲಹಾ ಕೇಂದ್ರಗಳ ಜಾಹೀರಾತುಗಳಲ್ಲಿ '2+2', '3+1+1' ಎಂಬಂತಹ ಅಂಕಿಗಳು '4+1'ರ ಪಕ್ಕದಲ್ಲೇ ಕಾಣಿಸಿಕೊಂಡು, ಎಲ್ಲವೂ ಒಂದೇ ಎಂಬ ಭಾವನೆ ಮೂಡಿಸುತ್ತವೆ. ಅವು ಭಾರತದ ಕಾಲೇಜಿನಲ್ಲಿ ಆರಂಭಿಸಿ ವಿದೇಶದಲ್ಲಿ ಮುಗಿಸುವ ಜಂಟಿ ವ್ಯವಸ್ಥೆಗಳು. ಅಂತಹ ಒಪ್ಪಂದಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2022ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ಹೊರಡಿಸಿದೆ.

ಕ್ರೆಡಿಟ್‌ಗಳ ಲೆಕ್ಕಾಚಾರ

ಒಂದು ವರ್ಷ ಎಲ್ಲಿ ಉಳಿಯುತ್ತದೆ ಎಂಬುದು ಕ್ರೆಡಿಟ್‌ಗಳ ಲೆಕ್ಕದಲ್ಲಿ ಅಡಗಿದೆ. ಸೆಮಿಸ್ಟರ್‌ ಪದ್ಧತಿಯ ಅಮೆರಿಕನ್‌ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಸುಮಾರು 120, ಸ್ನಾತಕೋತ್ತರ ಪದವಿಗೆ ಸುಮಾರು 30 ಕ್ರೆಡಿಟ್‌ಗಳು ಬೇಕು. ಎರಡನ್ನೂ ಪ್ರತ್ಯೇಕವಾಗಿ ಗಳಿಸಿದರೆ ಒಟ್ಟು 150. ವೇಗವರ್ಧಿತ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯು ಪದವಿಯ ಕೊನೆಯ ವರ್ಷಗಳಲ್ಲಿಯೇ ಸ್ನಾತಕೋತ್ತರ ಮಟ್ಟದ ಕೆಲವು ಕೋರ್ಸುಗಳನ್ನು ತೆಗೆದುಕೊಳ್ಳುತ್ತಾನೆ. ಅವುಗಳಲ್ಲಿ ಎರಡು, ಮೂರು ಅಥವಾ ನಾಲ್ಕು ಕೋರ್ಸುಗಳನ್ನು ಎರಡೂ ಪದವಿಗಳ ಖಾತೆಗೆ ಜಮಾ ಮಾಡಲು ಅನೇಕ ವಿಶ್ವವಿದ್ಯಾಲಯಗಳು ಅವಕಾಶ ನೀಡುತ್ತವೆ. ಮೂರು ಕೋರ್ಸುಗಳ 9 ಕ್ರೆಡಿಟ್‌ ಹೀಗೆ ಎರಡು ಕಡೆ ಸಂದರೆ ಐದನೆಯ ವರ್ಷಕ್ಕೆ ಉಳಿಯುವುದು 21. ಮೊದಲ ಸೆಮಿಸ್ಟರ್‌ನಲ್ಲಿ ನಾಲ್ಕು ಕೋರ್ಸು, ಎರಡನೆಯದರಲ್ಲಿ ಮೂರು ಕೋರ್ಸು ಓದಿದರೆ ಅದು ಮುಗಿಯಿತು.

ಎಲ್ಲ ಕಡೆಯೂ ಹೀಗೆಯೇ ಎಂದು ಭಾವಿಸಬಾರದು. ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದ ಕೋಟರ್ಮಿನಲ್‌ ವ್ಯವಸ್ಥೆಯಲ್ಲಿ ಒಂದೇ ಯೂನಿಟನ್ನು ಎರಡು ಪದವಿಗೆ ಲೆಕ್ಕ ಹಿಡಿಯುವಂತಿಲ್ಲ. ಅಲ್ಲಿ ಪದವಿಗೆ 180, ಗಣಕ ವಿಜ್ಞಾನದ ಸ್ನಾತಕೋತ್ತರಕ್ಕೆ 45, ಒಟ್ಟು 225 ಯೂನಿಟ್‌ಗಳನ್ನು ಪೂರ್ತಿಯಾಗಿ ಗಳಿಸಲೇಬೇಕು. ಹಾಗಾದರೆ ಲಾಭವೇನು? ವರ್ಷಕ್ಕೆ ಮೂರು ಕ್ವಾರ್ಟರ್‌ಗಳು, ಕ್ವಾರ್ಟರ್‌ಗೆ 15 ಯೂನಿಟ್‌ ಎಂದು ಹಿಡಿದರೆ 225 ಯೂನಿಟ್‌ಗೆ ಸರಿಯಾಗಿ ಐದು ವರ್ಷ. ಪದವಿಯ ಓದು ನಡೆಯುತ್ತಿರುವಾಗಲೇ ಸ್ನಾತಕೋತ್ತರದ ಕೋರ್ಸುಗಳನ್ನು ಆರಂಭಿಸಬಹುದು, ಕ್ವಾರ್ಟರ್‌ಗೆ ಹೆಚ್ಚು ಯೂನಿಟ್‌ ಹೊತ್ತವರು ಇನ್ನೂ ಬೇಗ ಮುಗಿಸಬಹುದು. ಅಂದರೆ ಇಲ್ಲಿ ಕಡಿತವಾಗುವುದು ಕೋರ್ಸುಗಳ ಸಂಖ್ಯೆಯಲ್ಲ, ಎರಡು ಪದವಿಗಳ ನಡುವಿನ ಕಾಯುವಿಕೆ ಮತ್ತು ಹೊಸದಾಗಿ ಪ್ರವೇಶ ಪಡೆಯುವ ತಾಪತ್ರಯ.

ಎರಡು ಮಾದರಿಗಳ ನಡುವಿನ ಈ ಭೇದವನ್ನು ಕೇಳಿ ತಿಳಿಯದೆ ಅರ್ಜಿ ಹಾಕುವವರು ಐದನೆಯ ವರ್ಷದಲ್ಲಿ ಲೆಕ್ಕ ತಪ್ಪಿ ಆರನೆಯ ವರ್ಷಕ್ಕೆ ಕಾಲಿಡಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಎರಡೂ ಖಾತೆಗೆ ಸಲ್ಲುವ ಕೋರ್ಸು ಸ್ನಾತಕೋತ್ತರ ಮಟ್ಟದ್ದೇ ಆಗಿರಬೇಕು, ಅದರಲ್ಲಿ ಸಾಮಾನ್ಯವಾಗಿ 'ಬಿ' ಶ್ರೇಣಿಗೆ ಕಡಿಮೆಯಾಗಬಾರದು. ಆಪರೇಟಿಂಗ್‌ ಸಿಸ್ಟಂ, ಅಲ್ಗಾರಿದಂ ಮುಂತಾದ ಅಡಿಪಾಯದ ವಿಷಯಗಳನ್ನು ಮೂರನೆಯ ವರ್ಷದೊಳಗೆ ಮುಗಿಸದವರಿಗೆ ನಾಲ್ಕನೆಯ ವರ್ಷದಲ್ಲಿ ಆ ಮೇಲ್ಮಟ್ಟದ ಕೋರ್ಸಿಗೆ ಪ್ರವೇಶವೇ ಸಿಗುವುದಿಲ್ಲ. ಆದ್ದರಿಂದ ನಿರ್ಧಾರ ಮೂರನೆಯ ವರ್ಷದಲ್ಲಿ ಆದರೂ ಸಿದ್ಧತೆ ಎರಡನೆಯ ವರ್ಷದಲ್ಲಿಯೇ ಆಗಿರಬೇಕು.

ಎಂಐಟಿಯ ಹೊರಗಿನವರಿಗಿಲ್ಲದ ಪದವಿ

ಈ ಬಗೆಯ ವ್ಯವಸ್ಥೆಗೆ ಅತ್ಯಂತ ಕಟ್ಟುನಿಟ್ಟಾದ ಉದಾಹರಣೆ ಮ್ಯಾಸಚೂಸೆಟ್ಸ್‌ ಇನ್‌ಸ್ಟಿಟ್ಯೂಟ್‌ ಆಫ್‌ ಟೆಕ್ನಾಲಜಿಯಲ್ಲಿದೆ. ಅಲ್ಲಿನ ವಿದ್ಯುತ್‌ ಎಂಜಿನಿಯರಿಂಗ್‌ ಮತ್ತು ಗಣಕ ವಿಜ್ಞಾನ ವಿಭಾಗದ 'ಮಾಸ್ಟರ್‌ ಆಫ್‌ ಎಂಜಿನಿಯರಿಂಗ್‌' ಪದವಿಗೆ ಆ ವಿಭಾಗದ ಸ್ವಂತ ವಿದ್ಯಾರ್ಥಿಗಳಿಗೆ ಮಾತ್ರ ಪ್ರವೇಶ. ಹೊರಗಿನವರನ್ನು ಆ ವಿಭಾಗ ಸೇರಿಸಿಕೊಳ್ಳುವುದು ಡಾಕ್ಟರೇಟ್‌ ಗುರಿಯುಳ್ಳ ವ್ಯಾಸಂಗಕ್ಕೆ. ಗಣಕ ಕ್ಷೇತ್ರ ಬೆಳೆದ ವೇಗದಲ್ಲಿ ಒಬ್ಬ ಎಂಜಿನಿಯರ್‌ನನ್ನು ನಾಲ್ಕೇ ವರ್ಷದಲ್ಲಿ ಸಜ್ಜುಗೊಳಿಸುವುದು ಸಾಧ್ಯವಾಗುತ್ತಿಲ್ಲ ಎಂಬ ಆಲೋಚನೆಯಿಂದ 1990ರ ದಶಕದಲ್ಲಿ ಐದು ವರ್ಷದ ಈ ಪಠ್ಯಕ್ರಮ ರೂಪುಗೊಂಡಿತು. ಇದಕ್ಕೆ ಪ್ರಬಂಧ ಕಡ್ಡಾಯ. ಪ್ರಾಧ್ಯಾಪಕರೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಅದನ್ನು ಬರೆಯಬೇಕು, ಇಲ್ಲವೇ ಉದ್ಯಮದೊಂದಿಗೆ ಹೊಂದಿಕೊಂಡ '6-ಎ' ಎಂಬ ಕವಲಿನಲ್ಲಿ ಕಂಪನಿಯೊಂದರಲ್ಲಿ ಕೆಲಸ ಮಾಡಿ ಬರೆಯಬೇಕು. ಆ ಕವಲಿನ ಮೂಲ 1917ರಷ್ಟು ಹಿಂದಿನದು. ಜನರಲ್‌ ಎಲೆಕ್ಟ್ರಿಕ್‌ ಕಂಪನಿಯೊಡನೆ ಆರಂಭವಾದ ಒಡಂಬಡಿಕೆ ಅದು. ಆಗ ಗಣಕವೆಂಬ ಯಂತ್ರವೇ ಇರಲಿಲ್ಲ!

ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ ವಿಶ್ವವಿದ್ಯಾಲಯದ 'ಐದನೆಯ ವರ್ಷದ ಸ್ನಾತಕೋತ್ತರ'ವೂ ಸಂಶೋಧನೆಯನ್ನೇ ನೆಚ್ಚಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿಯೂ ತನ್ನ ಪದವಿ ವಿದ್ಯಾರ್ಥಿಗಳಿಗಾಗಿಯೇ ಇರುವ ಐದನೆಯ ವರ್ಷದ ಎಂಎಸ್‌ ಇದೆ. ಇನ್ನು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ಪೈಕಿ ಬಹುತೇಕ ಕಡೆ ಪ್ರಬಂಧವಿಲ್ಲದೆ, ಬರೀ ಕೋರ್ಸುಗಳಿಂದಲೇ ಪದವಿ ಮುಗಿಸುವ ಅವಕಾಶವಿದೆ. ಹೆಸರು ಒಂದೇ ಆದರೂ ಮೊದಲ ಬಗೆಯದು ಸಂಶೋಧನೆಯ ಮೆಟ್ಟಿಲು, ಎರಡನೆಯದು ಉದ್ಯೋಗದ ಅರ್ಹತೆ. ಡಾಕ್ಟರೇಟ್‌ ಮಾಡುವ ಉದ್ದೇಶವಿರುವವರು ಎರಡನೆಯದಕ್ಕಾಗಿ ಒಂದು ವರ್ಷ ಮತ್ತು ಶುಲ್ಕ ವ್ಯಯಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಯ ನಂತರ ನೇರವಾಗಿ ಪಿಎಚ್‌.ಡಿ.ಗೆ ಪ್ರವೇಶ ಪಡೆಯಬಹುದಾಗಿದ್ದು, ಹೆಸರಾಂತ ವಿಭಾಗಗಳಲ್ಲಿ ಆ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿಯೊಂದಿಗೆ ಜೀವನವೇತನವೂ ದೊರೆಯುತ್ತದೆ.

ಪ್ರವೇಶದ ವಿಚಾರದಲ್ಲಿ ಸ್ವಂತ ವಿದ್ಯಾರ್ಥಿಗಳಿಗೆ ದೊರೆಯುವ ರಿಯಾಯಿತಿ ಸಣ್ಣದಲ್ಲ. ಜಿಆರ್‌ಇ ಪರೀಕ್ಷೆಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ನಿಗದಿತ ಸರಾಸರಿ ಶ್ರೇಣಿ (4ಕ್ಕೆ 3ರಿಂದ 3.5ರ ನಡುವೆ ಎಲ್ಲಾದರೂ) ಇದ್ದು, ತಮ್ಮದೇ ಪ್ರಾಧ್ಯಾಪಕರ ಶಿಫಾರಸು ಸಿಕ್ಕರೆ ಹಲವೆಡೆ ಅರ್ಧ ಕೆಲಸ ಮುಗಿದಂತೆ. ಹೊರಗಿನಿಂದ ಸಾವಿರಾರು ಮಂದಿ ಅರ್ಜಿ ಸಲ್ಲಿಸುವ ವಿಭಾಗದಲ್ಲಿ ಇದೊಂದು ಪ್ರತ್ಯೇಕ ಸಾಲು. ಆದರೆ ಆ ಸಾಲಿಗೆ ಗಡುವು ಇದೆ. ಪದವಿ ಪ್ರದಾನವಾಗುವ ಮೊದಲೇ ಅರ್ಜಿ ಸಲ್ಲಿಸಬೇಕೆಂಬ ನಿಯಮ ಸ್ಟ್ಯಾನ್‌ಫರ್ಡ್‌ ಸೇರಿದಂತೆ ಬಹಳಷ್ಟು ಕಡೆ ಇದೆ. ಪದವಿ ಪಡೆದು ಹೊರಹೋಗಿ, ಎರಡು ವರ್ಷ ಕೆಲಸ ಮಾಡಿ ಮರಳಿದರೆ ಮನೆಮಗನೂ ಹೊರಗಿನವನೇ.

ವಿಶ್ವವಿದ್ಯಾಲಯಕ್ಕೇನು ಲಾಭ?

ವಿಶ್ವವಿದ್ಯಾಲಯಗಳು ಇದನ್ನು ಕೇವಲ ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ನಡೆಸುತ್ತವೆ ಎನ್ನಲಾಗದು. ಗೊತ್ತಿರುವ ವಿದ್ಯಾರ್ಥಿಯನ್ನು ಉಳಿಸಿಕೊಂಡರೆ ಆಯ್ಕೆಯ ಶ್ರಮವಿಲ್ಲ, ಸೋಲುವ ಭಯ ಕಡಿಮೆ, ಜೊತೆಗೆ ಒಂದು ವರ್ಷದ ಶುಲ್ಕ ಖಾತ್ರಿ. ಗಣಕ ವಿಜ್ಞಾನದ ತರಗತಿಗಳು ನೂರಾರು ವಿದ್ಯಾರ್ಥಿಗಳಿಂದ ತುಂಬಿ ತುಳುಕುವಾಗ ಉತ್ತರಪತ್ರಿಕೆ ತಿದ್ದಲು, ಪ್ರಯೋಗಾಲಯ ನೋಡಿಕೊಳ್ಳಲು ಸಹಾಯಕರು ಬೇಕು. ಅದೇ ಕೋರ್ಸನ್ನು ಅದೇ ಕೊಠಡಿಯಲ್ಲಿ ಓದಿ ಬಂದ ಐದನೆಯ ವರ್ಷದ ವಿದ್ಯಾರ್ಥಿಗಿಂತ ಒಳ್ಳೆಯ ಸಹಾಯಕ ಎಲ್ಲಿ ಸಿಗುತ್ತಾನೆ? ಇಂತಹ ಬೋಧನಾ ಸಹಾಯಕ ಹುದ್ದೆ ಸಿಕ್ಕಿದವರಿಗೆ ಶುಲ್ಕದ ಹೊರೆ ಇಳಿಯುತ್ತದೆ. ಎಂಐಟಿಯಲ್ಲಿ ಐದನೆಯ ವರ್ಷದವರು ಹೆಚ್ಚಾಗಿ ಬೋಧನಾ ಅಥವಾ ಸಂಶೋಧನಾ ಸಹಾಯಕರಾಗಿಯೇ ವೆಚ್ಚ ನಿಭಾಯಿಸುತ್ತಾರೆ. ಸಿಗದವರು ಪೂರ್ತಿ ಶುಲ್ಕ ತೆರುತ್ತಾರೆ.

ಹಣದ ವಿಷಯದಲ್ಲಿ ಅನೇಕರು ಎಡವುವುದು ಪದವಿ ವಿದ್ಯಾರ್ಥಿವೇತನದ ಬಳಿ. ಪದವಿ ಹಂತದಲ್ಲಿ ದೊರೆಯುವ ನೆರವು ಬಹುಮಟ್ಟಿಗೆ ಆ ಹಂತಕ್ಕೆ ಮಾತ್ರ ಸೀಮಿತ. ಅಮೆರಿಕದ ನಾಗರಿಕರಿಗೆ ಸಿಗುವ ಕೇಂದ್ರ ಸರ್ಕಾರದ ಪೆಲ್‌ ಅನುದಾನವೂ ಮೊದಲ ಪದವಿ ಕೈಸೇರಿದೊಡನೆ ನಿಲ್ಲುತ್ತದೆ. ಅಲ್ಲಿಯೇ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಈ ಅಂಶ ಮುಖ್ಯ. ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಯು ಹನ್ನೆರಡು ಕ್ವಾರ್ಟರ್‌ ದಾಟಿದ ಮೇಲೆ ಸ್ನಾತಕೋತ್ತರದ ಶುಲ್ಕ ವರ್ಗಕ್ಕೆ ಸೇರುತ್ತಾನೆ, ಪದವಿ ಹಂತದ ನೆರವು ಆ ಗಡಿಯ ಆಚೆ ಬರುವುದಿಲ್ಲ. ಆದ್ದರಿಂದ ಸ್ನಾತಕೋತ್ತರದ ಎಷ್ಟು ಕೋರ್ಸುಗಳನ್ನು ಪದವಿ ಶುಲ್ಕದಲ್ಲಿಯೇ, ಅಂದರೆ ನಾಲ್ಕನೆಯ ವರ್ಷದೊಳಗೇ, ಮುಗಿಸಲು ಸಾಧ್ಯ ಎಂಬುದೇ ನಿಜವಾದ ಉಳಿತಾಯದ ಅಳತೆ. ಹೆಚ್ಚುವರಿ ವರ್ಷಕ್ಕೆ ಶುಲ್ಕದ ಜೊತೆಗೆ ಒಂದು ವರ್ಷದ ಸಂಬಳವನ್ನೂ ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು ಲೆಕ್ಕಕ್ಕೆ ಸೇರಿಸುವವರು ಕಡಿಮೆ.

ವೀಸಾ: ವೇಗಕ್ಕೂ ಬೆಲೆಯುಂಟು

ಭಾರತೀಯ ಪೌರತ್ವದ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಗಹನವಾದ ಪ್ರಶ್ನೆ ಇದು. ಎಫ್‌-1 ವೀಸಾದ ವಿದ್ಯಾರ್ಥಿಗೆ ಓದು ಮುಗಿದ ಮೇಲೆ ತನ್ನ ವಿಷಯಕ್ಕೆ ಸಂಬಂಧಿಸಿದ ಕೆಲಸ ಮಾಡಲು 12 ತಿಂಗಳ ಅನುಮತಿ ದೊರೆಯುತ್ತದೆ. ಇದಕ್ಕೆ 'ಒಪಿಟಿ' ಎಂದು ಹೆಸರು. ಗಣಕ ವಿಜ್ಞಾನದಂತಹ ವಿಷಯಗಳಿಗೆ 2016ರ ನಿಯಮದಂತೆ ಇನ್ನೂ 24 ತಿಂಗಳ ವಿಸ್ತರಣೆ ಇದೆ. ಒಟ್ಟು 36 ತಿಂಗಳು. ಈ ಅವಕಾಶ ಪ್ರತಿಯೊಂದು ಮೇಲಿನ ಹಂತಕ್ಕೂ ಒಮ್ಮೆ ದೊರೆಯುತ್ತದೆ ಎಂಬುದೇ ಇಲ್ಲಿನ ಮರ್ಮ.

ಇಬ್ಬರು ವಿದ್ಯಾರ್ಥಿನಿಯರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವಳು ನಾಲ್ಕು ವರ್ಷದ ಪದವಿ ಮುಗಿಸಿ, 36 ತಿಂಗಳು ಕೆಲಸ ಮಾಡಿ, ಬಳಿಕ ಎಂಎಸ್‌ ಓದಿ, ಅದರ ಮೇಲೆ ಮತ್ತೆ 36 ತಿಂಗಳು ಪಡೆಯಬಹುದು. ಎರಡನೆಯವಳು ಐದೇ ವರ್ಷದಲ್ಲಿ ಎರಡೂ ಪದವಿಗಳನ್ನು ಒಟ್ಟಿಗೆ ಪಡೆಯುತ್ತಾಳೆ. ಅವಳಿಗೆ ಸ್ನಾತಕೋತ್ತರ ಹಂತದ 36 ತಿಂಗಳು ಮಾತ್ರ. ಪದವಿ ಹಂತದ ಅವಕಾಶ ಬಳಸದೆಯೇ ಕೈಬಿಟ್ಟುಹೋಗುತ್ತದೆ, ಏಕೆಂದರೆ ಅದಕ್ಕೆ ಆ ಹಂತದ ಓದು ಮುಗಿದ 60 ದಿನಗಳೊಳಗೆ ಅರ್ಜಿ ಹಾಕಬೇಕು. ಎಚ್‌-1ಬಿ ವೀಸಾದ ಆಯ್ಕೆ ವರ್ಷಕ್ಕೊಮ್ಮೆ ನಡೆಯುವುದರಿಂದ, ಕೆಲಸದಲ್ಲಿರುವ ಪ್ರತಿ ವರ್ಷವೂ ಒಂದು ಅವಕಾಶವೆಂದೇ ಅರ್ಥ. ಓದಿನಲ್ಲಿ ಉಳಿಸಿದ ಸಮಯಕ್ಕೆ ಇಲ್ಲಿ ತೆರಿಗೆ ಬೀಳುತ್ತದೆ.

ತಕ್ಕಡಿಯ ಇನ್ನೊಂದು ತಟ್ಟೆಯೂ ಹಗುರವಲ್ಲ. ಎಚ್‌-1ಬಿಗೆ ವಾರ್ಷಿಕ ಮಿತಿ 65,000. ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಥವಾ ಅದಕ್ಕಿಂತ ಮೇಲಿನ ಪದವಿ ಪಡೆದವರಿಗೆ 2004ರ ಕಾನೂನಿನಂತೆ ಹೆಚ್ಚುವರಿ 20,000 ಸ್ಥಾನಗಳಿವೆ. ಎರಡನೆಯ ವಿದ್ಯಾರ್ಥಿನಿಯು ಮೊದಲ ವರ್ಷದಿಂದಲೇ ಈ ಎರಡೂ ಪಟ್ಟಿಗಳಿಗೆ ಅರ್ಹಳು. ಮೊದಲನೆಯವಳಿಗೆ ಆ ಭಾಗ್ಯ ಎಂಎಸ್‌ ನಂತರವೇ. ಆದರೆ ಹೆಚ್ಚುವರಿ ಪಟ್ಟಿಗೆ ಸೇರಲು ಪದವಿ ಕೈಯಲ್ಲಿರಬೇಕು, 'ಮುಂದಿನ ತಿಂಗಳು ಬರುತ್ತದೆ' ಎಂದರೆ ನಡೆಯದು. ವೀಸಾ ಸಿಗುವುದಕ್ಕೇ ಆದ್ಯತೆ ಕೊಡುವವರಿಗೆ ಯಾವುದು ಮೇಲು ಎಂಬುದು ಅವರವರ ಉದ್ಯೋಗದ ಸಾಧ್ಯತೆಯನ್ನು ಅವಲಂಬಿಸಿದೆ. ಪದವಿ ಮುಗಿಯುವ ಮುನ್ನವೇ ಒಳ್ಳೆಯ ಕಂಪನಿಯಿಂದ ಕೆಲಸದ ಪತ್ರ ಬಂದಿದ್ದರೆ ಅದನ್ನು ತಿರಸ್ಕರಿಸಿ ಐದನೆಯ ವರ್ಷಕ್ಕೆ ಸೇರುವುದು ಜಾಣತನವೆನಿಸದು. ಕೆಲಸ ಸಿಗದ ವರ್ಷದಲ್ಲಿ ಅದೇ ಐದನೆಯ ವರ್ಷ ಆಸರೆಯಾಗಬಲ್ಲದು.

ನಿಯಮಗಳ ನೆಲವೂ ಇತ್ತೀಚೆಗೆ ಸ್ಥಿರವಾಗಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಗೃಹ ಭದ್ರತಾ ಇಲಾಖೆಯು ವಿದ್ಯಾರ್ಥಿಗಳ ವಾಸ್ತವ್ಯವನ್ನು ಗರಿಷ್ಠ ನಾಲ್ಕು ವರ್ಷಕ್ಕೆ ಮಿತಿಗೊಳಿಸಿ, ಅದಕ್ಕೂ ಹೆಚ್ಚು ಬೇಕಾದವರು ವಿಸ್ತರಣೆಗೆ ಅರ್ಜಿ ಸಲ್ಲಿಸಬೇಕೆನ್ನುವ ಪ್ರಸ್ತಾಪ ಮುಂದಿಟ್ಟಿತು. ಐದು ವರ್ಷದ ವ್ಯಾಸಂಗಕ್ಕೆ ಇದು ನೇರವಾಗಿ ತಟ್ಟುವಂತಹದು. ಮರುತಿಂಗಳು ಅಧ್ಯಕ್ಷರ ಆದೇಶವೊಂದು, ದೇಶದ ಹೊರಗಿರುವವರ ಪರವಾಗಿ ಸಲ್ಲಿಸುವ ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್‌ ಶುಲ್ಕ ವಿಧಿಸಿತು. ಹೀಗಾಗಿ ಹೊಸ ಹಂತಕ್ಕೆ ಕಾಲಿಡುವ ಮೊದಲು ವಿಭಾಗದ ಸಲಹೆಗಾರರನ್ನಷ್ಟೇ ಅಲ್ಲ, ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನೂ ಕಾಣುವುದು ಅಗತ್ಯ. ಪದವಿಯಿಂದ ಸ್ನಾತಕೋತ್ತರಕ್ಕೆ ಹಂತ ಬದಲಾಗುವಾಗ ಐ-20 ಪತ್ರವನ್ನು ಹೊಸದಾಗಿ ಪಡೆಯಬೇಕು, ಮುಂದಿನ ವರ್ಷದ ವೆಚ್ಚಕ್ಕೆ ಹಣವಿದೆ ಎಂಬ ದಾಖಲೆಯನ್ನೂ ಒದಗಿಸಬೇಕು. ಎರಡೂ ಪದವಿಗಳು ಒಟ್ಟಿಗೆ ಪ್ರದಾನವಾಗುತ್ತವೆಯೋ, ಮೊದಲ ಪದವಿ ಮೊದಲೇ ಕೈಸೇರುತ್ತದೆಯೋ ಎಂಬುದನ್ನು ಅಲ್ಲಿಯೇ ಬರಹದಲ್ಲಿ ಕೇಳಿ ಪಡೆಯುವುದು ಒಳಿತು. ನೆರವು, ವೀಸಾ, ಕೆಲಸದ ಅನುಮತಿ ಮೂರೂ ಆ ಒಂದು ದಿನಾಂಕಕ್ಕೆ ಗಂಟುಬಿದ್ದಿವೆ.

ನಮ್ಮಲ್ಲಿ ಏನಿದೆ?

ಇಂತಹ ವ್ಯವಸ್ಥೆ ನಮಗೆ ಅಪರಿಚಿತವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ಆರಂಭವಾದ ನಾಲ್ಕು ವರ್ಷದ ಬಿಎಸ್‌ ವಿದ್ಯಾರ್ಥಿಗಳು ಐದನೆಯ ವರ್ಷ ಅಲ್ಲಿಯೇ ಮುಂದುವರಿದು ಸ್ನಾತಕೋತ್ತರ ಪದವಿ ಪಡೆಯಬಹುದು. ಅದು ಮೂಲವಿಜ್ಞಾನದ ಓದು ಎಂಬುದು ಬೇರೆ ಮಾತು. ಗಣಕ ಕ್ಷೇತ್ರದಲ್ಲಿ ಎಲೆಕ್ಟ್ರಾನಿಕ್‌ ಸಿಟಿಯ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು (ಐಐಐಟಿ-ಬಿ) ಐದು ವರ್ಷದ ಸಂಯೋಜಿತ ಎಂ.ಟೆಕ್‌. ನಡೆಸುತ್ತಿದೆ. ಆದರೆ ಅದಕ್ಕೆ ಪ್ರವೇಶ ಪಡೆಯುವುದು ದ್ವಿತೀಯ ಪಿಯುಸಿ ನಂತರ. ಹದಿನೆಂಟನೆಯ ವಯಸ್ಸಿನಲ್ಲಿಯೇ ಐದು ವರ್ಷಕ್ಕೆ ಸಹಿ ಹಾಕುವುದಕ್ಕೂ, ಮೂರು ವರ್ಷ ಓದಿ ತನ್ನ ಒಲವು ಅರಿತ ಮೇಲೆ ಆಯ್ದುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಕಾನ್ಪುರದ ಐಐಟಿಯಲ್ಲಿ ಬಿ.ಟೆಕ್‌. ವಿದ್ಯಾರ್ಥಿಗಳು ನಡುವೆ ಆಯ್ದುಕೊಳ್ಳಬಹುದಾದ ಜೋಡಿ ಪದವಿ ಇದೆ. ಅಮೆರಿಕದ ಮಾದರಿಗೆ ಹತ್ತಿರವಾದದ್ದು ಅದೇ.

ರಾಜ್ಯದ ಸಾವಿರಾರು ಎಂಜಿನಿಯರಿಂಗ್‌ ವಿದ್ಯಾರ್ಥಿಗಳ ಮಟ್ಟಿಗೆ ಮಾತ್ರ ಬಿಇ ನಾಲ್ಕು, ಎಂ.ಟೆಕ್‌. ಎರಡು, ಒಟ್ಟು ಆರು ವರ್ಷಗಳ ಹಾದಿಯೇ ಗತಿ. ಗೇಟ್‌ ಅಥವಾ ಪಿಜಿಸಿಇಟಿ ಬರೆದು ಹೊಸದಾಗಿ ಪ್ರವೇಶ ಪಡೆಯಬೇಕು. ತಾನು ಬಿಇ ಓದಿದ ಕಾಲೇಜಿನಲ್ಲಿಯೇ ಎಂ.ಟೆಕ್‌.ಗೆ ಸೇರಿದರೂ, ಕೊನೆಯ ಸೆಮಿಸ್ಟರ್‌ಗಳಲ್ಲಿ ಓದಿದ ಐಚ್ಛಿಕ ವಿಷಯವನ್ನು ಹೆಚ್ಚುಕಡಿಮೆ ಅದೇ ಪಠ್ಯದೊಂದಿಗೆ ಮತ್ತೆ ಓದುವ ಪ್ರಸಂಗ ಬರುತ್ತದೆ. ಎಂಸಿಎ ಅವಧಿಯನ್ನು 2020-21ರಿಂದ ಮೂರರಿಂದ ಎರಡು ವರ್ಷಕ್ಕೆ ಇಳಿಸಿದ್ದರಿಂದ ಬಿಸಿಎ ವಿದ್ಯಾರ್ಥಿಗಳ ಹಾದಿ ಮಾತ್ರ ಐದು ವರ್ಷಕ್ಕೆ ಬಂದು ನಿಂತಿದೆ.

ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಕರ್ನಾಟಕವು ನಾಲ್ಕು ವರ್ಷದ ಆನರ್ಸ್‌ ಪದವಿ ಜಾರಿಗೆ ತಂದಾಗ, ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಎಂಬ ಭರವಸೆ ಅದರ ಬೆನ್ನಿಗಿತ್ತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ವಿಪರ್ಯಾಸವೆಂದರೆ ಒಂದು ವರ್ಷದ ಸ್ನಾತಕೋತ್ತರದ ಚೌಕಟ್ಟನ್ನು ಯುಜಿಸಿ ವಿವರವಾಗಿ ಪ್ರಕಟಿಸಿದ್ದು ಅದರ ಮರುತಿಂಗಳು, ಜೂನ್‌ನಲ್ಲಿ. ನಡುವಿನ ಮೂರು ತಂಡಗಳ ವಿದ್ಯಾರ್ಥಿಗಳ ಮುಂದೆ ನಾಲ್ಕನೆಯ ವರ್ಷ ಐಚ್ಛಿಕವಾಗಿ ಉಳಿಯಿತು. ಆ ವರ್ಷ ಓದಿದವರು ತಮ್ಮ ವಿಶ್ವವಿದ್ಯಾಲಯ ಒಂದು ವರ್ಷದ ಎಂ.ಎಸ್ಸಿ.ಗೆ ಪ್ರವೇಶ ನೀಡುತ್ತದೆಯೇ ಎಂಬುದನ್ನು ಕುಲಸಚಿವರ ಕಚೇರಿಯಲ್ಲಿಯೇ ವಿಚಾರಿಸಬೇಕಾಗುತ್ತದೆ.

ಎಂಜಿನಿಯರಿಂಗ್‌ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಬಯಸುವವರಿಗೆ ಎಐಸಿಟಿಇ ನಿಯಮದಂತೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಗೇಟ್‌ ಅರ್ಹತೆಯೊಂದಿಗೆ ಎಂ.ಟೆಕ್‌.ಗೆ ಸೇರಿದವರಿಗೆ ಅದೇ ಸಂಸ್ಥೆಯಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಅಮೆರಿಕದಿಂದ ಐದು ವರ್ಷದಲ್ಲಿ ಎರಡು ಪದವಿಗಳೊಂದಿಗೆ ಮರಳಿ, ಇಲ್ಲಿ ಬೋಧನೆಗೋ ಸರ್ಕಾರಿ ಹುದ್ದೆಗೋ ಅರ್ಜಿ ಹಾಕುವವರು ತತ್ಸಮಾನತಾ ಪ್ರಮಾಣಪತ್ರ ಸಲ್ಲಿಸಬೇಕು. ವಿದೇಶಿ ಪದವಿಗಳ ಮಾನ್ಯತೆಗೆ ಯುಜಿಸಿ 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಾವಳಿ ಪ್ರಕಟಿಸಿದೆ. ಎರಡೂ ಪದವಿಗಳ ಪ್ರಮಾಣಪತ್ರಗಳು ಬೇರೆಬೇರೆಯಾಗಿರುವುದನ್ನೂ, ಯಾವ ಕೋರ್ಸು ಯಾವ ಪದವಿಗೆ ಸಂದಿದೆ ಎಂಬುದು ಅಂಕಪಟ್ಟಿಯಲ್ಲಿ ನಮೂದಾಗಿರುವುದನ್ನೂ ವಿಶ್ವವಿದ್ಯಾಲಯ ಬಿಡುವ ಮೊದಲೇ ನೋಡಿಕೊಳ್ಳಬೇಕು. ಸಾಗರದಾಚೆಯಿಂದ ಮತ್ತೆ ಪತ್ರ ತರಿಸುವುದು ತಿಂಗಳುಗಳ ಕೆಲಸ.